ಅಣ್ಣನ ತಲೆಯೆಲ್ಲ ನೀಲಿ

"ಹಲೋ... ಹಲೋ, ಯಾರು ಮಾತಾಡ್ತಿರೋದು? ಅತ್ತಿಗೆನಾ? ... ನಾನು, ನಿಮ್ಮ ಮೈದುನ. ಕೆಳಗಡೆ ಸ್ಕ್ಯಾನ್ ರೂಮಿಂದ."

ಮೂವತ್ತು ವರ್ಷ ಸ್ಕ್ಯಾನ್ ಯಂತ್ರ ನಡೆಸಿ, ಮೂರು ಊರಿಗಾಗುವಷ್ಟು ತಲೆಗಳನ್ನು ಅದರ ಬಾಯಿಗೆ ತೂರಿಸಿದ ಮಹಾಶಯ ಅವನು. ಇವತ್ತು ಬೆಳಿಗ್ಗೆ ತೂರಿಸಿದ್ದು ಒಡಹುಟ್ಟಿದ ಅಣ್ಣನ ತಲೆಯನ್ನು.

"... ಹಾಂ, ನಿಮ್ಮ ಮಗನಿಗೆ ನಾನೇ ಹೇಳಿದ್ದು. ರಕ್ತ ಚೆನ್ನಾಗಿ ಓಡೋ ಕಡೆ ಕೆಂಪು, ಕಡಿಮೆಯಾದ ಕಡೆ ನೀಲಿ. ಅಣ್ಣನ ತಲೆಯೆಲ್ಲ ನೀಲಿ ಇತ್ತು. ಮೇಲಿನ ಮಹಡಿ ಖಾಲಿ, ಮೆದುಳು ಸತ್ತಿದೆ ಅಂದ್ಬಿಟ್ಟೆ. ... ಡಾಕ್ಟರು ನೋಡೋತನಕ ಕಾಯ್ಬೇಕಿತ್ತು, ಹೌದು. ಆದ್ರೆ ಅತ್ತಿಗೆ, ಡಾಕ್ಟರಿಗಿಂತ ಮುಂಚೆ ನಾನು ಹತ್ತು ಸಾವಿರ ಸಲ..."

"... ಸರಿ, ಸರಿ, ಬಡಾಯಿ ಬಿಟ್ಟೆ. ಏನಂದ್ರಿ? ಉಸಿರಾಟದ ಯಂತ್ರ ತೆಗೆಸೋದಾ? ... ಸಹಿ ಹಾಕ್ಬೇಡಿ! ಮೊದಲು ಪೆನ್ನು ಕೆಳಗಿಡಿ."

"... ಕೇಳಿ. ಸ್ಟ್ರೋಕ್ ಹೊಡೆದಿರೋದು ಮೆದುಳಿನ ಬುಡಕ್ಕೆ. ಮೇಲಕ್ಕೂ ಕೆಳಕ್ಕೂ ಸುದ್ದಿ ಹೋಗೋ ದಾರಿ ಅಲ್ಲೇ ಮುರಿದಿದೆ. ಅದಕ್ಕೇ ಮೇಲೆ ಕೆಲಸ ಕಡಿಮೆ, ರಕ್ತಾನೂ ಕಡಿಮೆ. ಸತ್ತಿಲ್ಲ. ಡಾಕ್ಟರು ಈಗಷ್ಟೇ ಬಂದು ಎಲ್ಲರೆದುರು ನನ್ನ ಮಾನ ಹರಾಜು ಹಾಕಿದ್ರು. ... ಹೌದು, ಅವನಿಗೆ ಎಲ್ಲಾ ಕೇಳಿಸ್ತಿರಬಹುದು. ... ಮಂಚದ ಪಕ್ಕ ನಿಂತು ನೀವು ಮಾತಾಡಿದ್ದೂ."

"... ಆ ಮಾತು ಯಾಕೀಗ? ... ಹೌದು, ನಾನೇ. ಅಣ್ಣ ತಲೆ ಸುತ್ತುತ್ತೆ ಅಂತ ಬಂದ ದಿನ, ಸ್ಕ್ಯಾನ್ ಚಿತ್ರ ನೋಡಿ, ಹೊಸ ಪಾತ್ರೆ ಥರ ಹೊಳೀತಿದೆ, ಮನೆಗೆ ಹೋಗಿ ಮಲಗು ಅಂದೋನು ನಾನೇ. ಬುಡದ ಪೆಟ್ಟು ಮೊದಲ ದಿನ ಆ ಸ್ಕ್ಯಾನಲ್ಲಿ ಕಾಣೋದೇ ಕಷ್ಟ. ... ಗೊತ್ತಿತ್ತು."

ಹುಟ್ಟಿದಾಗಿನಿಂದ ಅವನ ಬಾಯಿಂದ ಅಷ್ಟು ಚಿಕ್ಕ ಮಾತು ಹೊರಟಿರಲಿಲ್ಲ.

"... ಅಳಬೇಡಿ. ಕೈಕಾಲು, ಬಾಯಿ ಆಡದಿದ್ರೂ ಕಣ್ಣು ಆಡ್ಬಹುದು. ಅವನ ಕಣ್ಣೆದುರು ನಿಂತ್ಕೊಳ್ಳಿ. ಹೌದಾದ್ರೆ ಮೇಲೆ ನೋಡು, ಬೇಡಾಂದ್ರೆ ಕಣ್ಣು ಮುಚ್ಚು ಅನ್ನಿ. ನಾನ್ಯಾರು ಗೊತ್ತಾಯ್ತಾ ಅಂತ ಕೇಳಿ. ... ನೋಡಿದ್ನಾ? ಮೇಲೆ? ... ಇನ್ನೊಂದ್ಸಲಾನೂ? ಇದ್ದಾನೆ ಅತ್ತಿಗೆ! ಇದ್ದಾನೆ! ಹರಿದು ಹಾಕಿ ಆ ಕಾಗದಾನ!"

"... ಏನು? ಸ್ಪೀಕರ್ ಹಾಕಿದೀರಾ? ... ಆಗ್ಲಿಂದ? ... ಹಾಗಾದ್ರೆ ನಾನಂದಿದ್ದು... ಎಲ್ಲಾ?"

"... ಅತ್ತಿಗೆ, ನಾನು ಮೇಲೆ ಬರ್ಲಾ ಕೇಳಿ. ಬಾಗಿಲಲ್ಲೇ ನಿಂತಿರ್ತೀನಿ ಅನ್ನಿ. ... ಏನ್ಮಾಡ್ದ? ... ಕಣ್ಣು ಮುಚ್ಚಿದ್ನಾ? ... ಅದು ಸುಮ್ನೆ ರೆಪ್ಪೆ ಬಡಿದಿರುತ್ತೆ, ಅದನ್ನೆಲ್ಲ ನಂಬೋಕಾಗಲ್ಲ. ... ಇನ್ನೂ ತೆಗೆದಿಲ್ವಾ? ... ಅಣ್ಣಾ, ನಾನು ಕಣೋ... ಹಲೋ? ಅತ್ತಿಗೆ? ... ಹಲೋ..."