ಕ್ಲಾರಿ ಕಲಿಸಿದ ಮಾತು

ಕೊರೆಲಾ ವೆಲ್ ಎಂಬ ಆ ಒಣ ಸೀಮೆಯಲ್ಲಿ ಮಳೆ ವರ್ಷಗಟ್ಟಲೆ ತಲೆ ಹಾಕುವುದಿಲ್ಲ, ಬಂತೆಂದರೆ ಬೇಗ ಎದ್ದು ಹೋಗುವುದೂ ಇಲ್ಲ. ಆ ದಿನ ಮಧ್ಯಾಹ್ನದ ಹೊತ್ತಿಗೆ ಕೆಂಪು ಮಣ್ಣಿನ ದಾರಿಯೆಲ್ಲ ಅಂಬಲಿಯಾಗಿ, ಪೊಲೀಸರು ಎರಡೂ ಕಡೆ ಅಡ್ಡಗಂಬ ಎಳೆದು ದಾರಿ ಮುಚ್ಚಿ ಹೋಗಿದ್ದರು. ಕಣ್ಣು ಹಾಯುವಷ್ಟು ದೂರಕ್ಕೆ ಕಟ್ಟಡವೆಂದು ಇದ್ದದ್ದು ಆ ಪಬ್ಬು ಒಂದೇ. ಹಾಗಾಗಿ ಅತ್ತ ಹೋಗುವವರೂ ಇತ್ತ ಬರುವವರೂ ಅದರ ತಗಡಿನ ಮಾಡಿನ ಕೆಳಗೆ ಸೇರಿಕೊಂಡರು. ದನದ ಲಾರಿ ಓಡಿಸುವ ನೆವಿಲ್, ಬೆಲ್ಜಿಯಂನಿಂದ ದೇಶ ನೋಡಲು ಬಂದಿದ್ದ ಓಡೀಲ್ ಮತ್ತು ಅವಳ ಗಂಡ ಜೂಲ್, ಒದ್ದೆ ಮೈ ಕೊಡವುತ್ತಿದ್ದ ಎರಡು ನಾಯಿಗಳು, ಮತ್ತು ಇವರೆಲ್ಲರ ಊಟಕ್ಕೆ ಆಲೂಗಡ್ಡೆ ಹೆರೆಯುತ್ತ ಕೂತಿದ್ದ ಪಬ್ಬಿನ ಒಡತಿ ಎನಿಡಜ್ಜಿ.

ಹೊತ್ತು ಹೋಗಬೇಕಲ್ಲ, ನೆವಿಲ್ ಹೊರದೇಶದವರಿಗೆ ಬುದ್ಧಿ ಹೇಳಲು ಶುರು ಮಾಡಿದ.

"ನೋಡಮ್ಮ, ಇಲ್ಲಿಯವರು 'ಇಲ್ಲೇ ಮುಂದೆ' ಅಂದ್ರೆ ಹಾಸಿಗೆ ಕಟ್ಕೊಂಡು ಹೊರಡಬೇಕು. 'ಸ್ವಲ್ಪ ಸೆಖೆ' ಅಂದ್ರೆ ಚಪ್ಪಲಿ ರಸ್ತೆಗೆ ಅಂಟ್ಕೊಳ್ಳುತ್ತೆ ಅಂತ. ಊಟಕ್ಕೆ ಕರೆದು 'ಒಂದು ತಟ್ಟೆ ತನ್ನಿ' ಅಂದ್ರೆ ಖಾಲಿ ತಟ್ಟೆ ಹಿಡ್ಕೊಂಡು ಹೋಗಿ ನಿಂತೀರಿ ಮತ್ತೆ, ಅದರ ತುಂಬ ಏನಾದ್ರೂ ಮಾಡ್ಕೊಂಡು ಹೋಗ್ಬೇಕು. ಇನ್ನು ಮರದಿಂದ ತಲೆ ಮೇಲೆ ಉದುರೋ ಕರಡಿ ಅಂತ ಒಂದಿದೆ. ಅದಕ್ಕೆ ಏನು ಮಾಡ್ಬೇಕು ಅಂದ್ರೆ, ಬ್ರೆಡ್ಡಿಗೆ ಹಚ್ಚೋ ಆ ಕರೀ ಉಪ್ಪು ಪೇಸ್ಟು ಕಿವಿ ಹಿಂದೆ..."

"ಸಾಕು ನೆವಿಲ್," ಎಂದಳು ಎನಿಡಜ್ಜಿ.

"ತಮಾಷೆಗೆ ಕಣಜ್ಜಿ."

"ತಮಾಷೆಗೇ ಅಂತ ಗೊತ್ತು. ಮೊದಲಿನ ಮೂರೂ ನಿಜ, ಬೇಕಾದ್ರೆ ಇನ್ನೊಂದ್ಸಲ ಹೇಳು. ಕೊನೇದು ಈ ಕಟ್ಟಡದೊಳಗೆ ಬೇಡ."

ಓಡೀಲ್‌ಳಿಗೆ ಅರ್ಥವಾಗಲಿಲ್ಲ. ಯಾಕೆ ಬೇಡ ಎಂದು ಕೇಳಿದಳು. ಮುದುಕಿ ಚಾಕು ಒರೆಸಿ ಪಕ್ಕಕ್ಕಿಟ್ಟು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. ಮಾಡಿನ ಮೇಲೆ ಮಳೆ ಜೋರಾಗಿ ಬಡಿಯುತ್ತಿತ್ತು, ಹಾಗಾಗಿ ಎಲ್ಲರೂ ಸ್ವಲ್ಪ ಮುಂದಕ್ಕೆ ಬಾಗಿದರು.

"ನನ್ನ ತಮ್ಮ ಕ್ಲಾರಿ ಅಂತ ಒಬ್ಬನಿದ್ದ. ಈ ಪಬ್ಬು ನಾವಿಬ್ರೂ ಸೇರಿ ನಡೆಸ್ತಿದ್ವಿ, ನಾನು ಒಲೆ ಹತ್ರ, ಅವನು ಬಾರಿನ ಕಟ್ಟೆ ಹಿಂದೆ. ಅವನ ಬಾಯಿ ಅಂದ್ರೆ ಬಾಯಿ... ಬಸ್ಸಿನವರು ಬೇಕೂಂತಲೇ ಇಲ್ಲಿ ನಿಲ್ಲಿಸ್ತಿದ್ರು, ಇಳಿದ ಹೊರದೇಶದವರನ್ನೆಲ್ಲ ಸಾಲಾಗಿ ಕೂರಿಸಿ ಇವನು ಉಪದೇಶ ಶುರು ಮಾಡಿದ ಅಂದ್ರೆ, ಬಾಲ ಕಚ್ಕೊಂಡು ಚಕ್ರದ ಹಾಗೆ ಉರುಳಿ ಬರೋ ಹಾವು, ಹಿಂದುಮುಂದಾಗಿ ಓಡೋ ಎಮು, ಮರದಿಂದ ಉದುರೋ ಕರಡಿ. ಸುತ್ತ ಎಲ್ಲಿ ನೋಡಿದ್ರೂ ಒಂದು ಮರ ಇಲ್ಲ ಇಲ್ಲಿ, ಆದ್ರೂ ಪಾಪ ಅವರು ತಲೆ ಎತ್ತಿ ಎತ್ತಿ ನೋಡ್ಕೊಂಡು ಬಸ್ ಹತ್ತೋರು. ಯಾರಿಗೂ ಕೆಟ್ಟದ್ದಾಗಲಿಲ್ಲ. ನಾನೂ ನಗ್ತಿದ್ದೆ, ಯಾಕೆ ನಗಬಾರದು?

"ಹಾಗಿರೋವಾಗ ಒಂದು ಡಿಸೆಂಬರಿನಲ್ಲಿ, ಇಲ್ಲಿ ಅದು ಸುಡು ಬೇಸಿಗೆ, ಕುರಿ ಉಣ್ಣೆ ಕತ್ತರಿಸೋರು ಕೆಲಸ ಮುಗಿಸಿ ಬಾರಿನ ತುಂಬ ಕೂತಿದ್ದಾಗ, ಸೈಕಲ್ ಮೇಲೆ ಒಬ್ಬ ಹುಡುಗ ಬಂದ. ಜಪಾನಿನವನು, ತೆರಾಡಾ ಅಂತ ಹೆಸರು. ಸಮುದ್ರದ ಕಡೆಯಿಂದ ಒಬ್ನೇ ತುಳ್ಕೊಂಡು ಬಂದಿದ್ದ. ಮೂಗು ಸುಟ್ಟು ಸಿಪ್ಪೆ ಎದ್ದಿತ್ತು, ಆದ್ರೂ ನಗು. ನಾನು ಕುರಿಮಾಂಸದ ಸಾರು ಹಾಕಿಕೊಟ್ರೆ ತಲೆ ಬಗ್ಗಿಸಿ ಕೈ ಮುಗಿದು ತಿಂದ. ಅವನಿಗೆ ನಮ್ಮ ಮಾತು ಕಲಿಯೋ ಹುಚ್ಚು. ಕೇಳಿದ್ದನ್ನೆಲ್ಲ ಮೆಲ್ಲಗೆ ಬಾಯಲ್ಲಿ ಇನ್ನೊಂದ್ಸಲ ಅಂದ್ಕೊಳ್ಳೋನು, ಮಗು ಅಂದ್ಕೊಂಡ ಹಾಗೆ. ಕ್ಲಾರಿ ಏನು ಹೇಳಿದ್ರೂ ಅದನ್ನೇ ಅನ್ನೋನು. ಅರ್ಧ ಗಂಟೇಲಿ ಕ್ಲಾರಿನ 'ಗುರುಗಳೇ' ಅಂತ ಕರೆಯೋಕೆ ಶುರು ಮಾಡಿದ. ಆ ಮಾತು ಕೇಳಿ ನನ್ನ ತಮ್ಮ ಹಿಗ್ಗಿದ್ದನ್ನ ನೀವು ನೋಡ್ಬೇಕಿತ್ತು... ಅವನನ್ನ ಯಾರೂ ಅಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ.

"ಆಮೇಲೆ ಹುಡುಗ ಒಂದು ಪ್ರಶ್ನೆ ಕೇಳಿದ. 'ಗುರುಗಳೇ, ಇಲ್ಲಿಯವರು ಮೊದಲು ಹೂಂ ಅಂತಾರೆ, ಆಮೇಲೆ ಇಲ್ಲ ಅಂತಾರೆ. ಯಾವುದನ್ನ ನಂಬಬೇಕು?'

"ನೀವೂ ಕೇಳಿದ್ದೀರಲ್ಲ, ನಾವು ಹಾಗೇ ಮಾತಾಡೋದು. 'ಹೂಂ... ಇಲ್ಲ.' ಹೂಂ ಅಂದ್ರೆ ನಿನ್ನ ಮಾತು ಕೇಳಿಸ್ತು ಅಂತ ಅಷ್ಟೆ. ಉತ್ತರ ಏನಿದ್ರೂ ಕೊನೇದು. ಅಷ್ಟು ಹೇಳಿದ್ರೆ ಮುಗೀತಿತ್ತು. ಆದ್ರೆ ಬಾರಿನಲ್ಲಿದ್ದ ಗಂಡಸರೆಲ್ಲ ಲೋಟ ಕೆಳಗಿಟ್ಟು ಕ್ಲಾರಿ ಮುಖ ನೋಡಿದ್ರು. ತುಂಬಿದ ಬಾರು ಹಾಗೆ ನಿಮ್ಮನ್ನೇ ನೋಡಿದ್ರೆ ನಿಮ್ಮ ನಾಲಿಗೆ ನಿಮ್ಮ ಮಾತು ಕೇಳುತ್ತಾ? 'ಮೊದಲನೇದೇ ನಿಜ ಕಣಪ್ಪ,' ಅಂದ ಕ್ಲಾರಿ, 'ಎರಡನೇದು ಸುಮ್ನೆ ಮರ್ಯಾದೆಗೆ ಸೇರಿಸೋದು.' ಹುಡುಗ ಎದ್ದು ನಿಂತು ನಡು ಬಗ್ಗಿಸಿದ. 'ಮೊದಲನೇದೇ ನಿಜ,' ಅಂದ. ಗಂಡಸರೆಲ್ಲ ಮೇಜಿಗೆ ಹಣೆ ಹಚ್ಚಿ ನಕ್ರು. ಅವನೂ ನಕ್ಕ, ತನ್ನನ್ನ ಸೇರಿಸ್ಕೊಂಡ್ರು ಅಂತ. ಆಮೇಲೆ ಅಗೋ, ಆ ಮೂಲೆಯ ಫೋನಿನಲ್ಲಿ ಊರಿಗೆ ಮಾತಾಡಿ ಮಲಗಿದ."

ಜೂಲ್ ನಗಬೇಕೋ ಬೇಡವೋ ತಿಳಿಯದೆ ಹೆಂಡತಿಯ ಮುಖ ನೋಡಿದ. ಅಜ್ಜಿ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಬೆಳಿಗ್ಗೆ ನಿಜ ಹೇಳಿದ್ರಾಯ್ತು ಅಂತ ಕ್ಲಾರಿ ಅಂದ್ಕೊಂಡಿದ್ನಂತೆ. ಬೆಳಿಗ್ಗೆ ಎದ್ದಾಗ ಹುಡುಗ ಹೊರಟಾಗಿತ್ತು. ನಾನಂದೆ, 'ಗಾಡಿ ತಗೊಂಡು ಹೋಗಿ ಹೇಳಿ ಬಾರೋ, ಸೈಕಲ್ ಎಷ್ಟು ದೂರ ಹೋಗಿರುತ್ತೆ.' ಅವನು ಬೀಗದಕೈ ತಗೊಂಡ. ಬಾಗಿಲ ತನಕ ಹೋದ. ಹೊರಗೆ ಉಣ್ಣೆಯವರು ಹಲ್ಲುಜ್ಜುತ್ತ ನಿಂತಿದ್ರು. 'ಏನಂತ ಹೇಳಲೇ ಅಕ್ಕ? ನಿನ್ನೆ ಆಡಿದ್ದು ತಮಾಷೆ ಕಣೋ ಅಂತ ಹೇಳೋಕೆ ಧೂಳು ಎಬ್ಬಿಸ್ಕೊಂಡು ಹೋಗಲಾ? ಇವರು ಕುರಿ ಬಿಟ್ಟು ನನ್ನ ತುಪ್ಪಟ ಕೀಳ್ತಾರೆ,' ಅಂದ. ಬೀಗದಕೈ ಮತ್ತೆ ಮೊಳೆಗೆ ನೇತು ಹಾಕಿದ. ನಾಚಿಕೆ... ಅದೊಂದೇ. ಒಳ್ಳೆ ಕೆಲಸ ಮಾಡೋಕೆ ನಾಚಿಕೆ ಪಟ್ಟ.

"ನಮಗೂ ಕಲ್ಲುಹಳ್ಳದ ನೀರಿನ ಟ್ಯಾಂಕಿಗೂ ನಡುವೆ ನಾರ್ಡೂ ಅಂತ ದನದ ಫಾರಂ. ಅಲ್ಲಿ ಮೇವಿಸ್ ಪ್ಯಾಸ್ಕೊ, ಗಂಡ ಸತ್ತ ಮೇಲೂ ಒಬ್ಳೇ ದನ ನೋಡ್ಕೊಂಡಿದ್ದ ಹೆಂಗಸು. ಹುಡುಗ ಅಲ್ಲಿಗೆ ಹೋದಾಗ ಅವಳು ಬಟ್ಟೆ ಒಣಹಾಕ್ತಿದ್ಳು. 'ಮುಂದಿನ ಟ್ಯಾಂಕಲ್ಲಿ ನೀರಿದೆಯಾ?' ಅಂತ ಕೇಳಿದ. ನೀರೆತ್ತೋ ಗಾಳಿಯಂತ್ರ ಮುರಿದು ಆ ಟ್ಯಾಂಕು ಒಣಗಿ ಎಷ್ಟೋ ದಿನ ಆಗಿತ್ತು. ಇವಳು ಅಂದ್ಳು... ಏನಂದಿರ್ತಾಳೆ ಹೇಳಿ? 'ಹೂಂ... ಇಲ್ಲ.'

"ಹುಡುಗ ಖುಷಿಯಾಗಿ ನಡು ಬಗ್ಗಿಸಿ ಥ್ಯಾಂಕ್ಸ್ ಹೇಳಿದ. ಮುಂದೆ ನೀರು ಸಿಗುತ್ತಲ್ಲ, ಯಾಕೆ ಭಾರ ಅಂತ ಇರಬೇಕು, ಸಣ್ಣ ಬಾಟಲಿಗೆ ಮಾತ್ರ ನೀರು ತುಂಬ್ಕೊಂಡ. ವಾಪಸ್ ಪಬ್ಬಿಗೆ ಹೋಗ್ತಾನೆ ಅಂದ್ಕೊಂಡು ಅವಳು ಬುಟ್ಟಿ ಎತ್ಕೊಂಡು ಒಳಗೆ ಹೋದ್ಳು.

"ಟ್ಯಾಂಕಿನ ಕೆಳಗೇ ಹೆಣವಾಗಿ ಸಿಕ್ಕಿದ. ನಲ್ಲಿ ಪೂರ್ತಿ ತಿರುಗಿಸಿತ್ತಂತೆ. ಅದರ ಕೆಳಗೆ ಬಾಟಲಿ ನೆಟ್ಟಗೆ ನಿಲ್ಲಿಸಿತ್ತಂತೆ... ನೀರು ಈಗ ಬರುತ್ತೆ, ಇನ್ನೇನು ಬರುತ್ತೆ ಅಂತ ಕಾದಿದ್ದ ಹಾಗೆ."

ನೆವಿಲ್ ತನ್ನ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಅವನೂ ಈ ಸೀಮೆಯವನೇ, ಆದರೆ ಈ ಕತೆಯನ್ನು ಇಷ್ಟು ಉದ್ದಕ್ಕೆ ಯಾರೂ ಅವನಿಗೆ ಹೇಳಿರಲಿಲ್ಲ.

"ವಿಚಾರಣೆ ನಡೀತು. ಅಧಿಕಾರಿ ಮೇವಿಸ್‌ಗೆ ಕೇಳಿದ್ರು, 'ನೀರಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ರಾ?' 'ಹೇಳಿದೆ.' 'ಮತ್ತೆ ಅವನು ಯಾಕೆ ಮುಂದೆ ಹೋದ?' ಅವಳಿಗೇನು ಗೊತ್ತು? ಗೊತ್ತಿದ್ದವನು ಎರಡನೇ ಸಾಲಲ್ಲಿ ಕೂತಿದ್ದ. ಅವತ್ತು ನಕ್ಕ ಗಂಡಸರೂ ಅಲ್ಲೇ ಇದ್ರು, ಎಲ್ಲ ತಮ್ಮ ತಮ್ಮ ಬೂಟ್ಸು ನೋಡ್ಕೊಂಡು. ಕ್ಲಾರಿ ಬಾಯಿ ತೆಗೀಲಿಲ್ಲ. ತಮ್ಮ ಅಂತ ನಾನೂ ಎದ್ದು ಹೇಳಲಿಲ್ಲ. ಆಮೇಲೆ ಜನ ಮೇವಿಸ್ ಮೇಲೇ ಹಾಕಿದ್ರು. ಬಾಯಾರಿದ ಹುಡುಗನಿಗೆ ಒಂದು ಕ್ಯಾನು ನೀರು ಕೊಡದ ಹೆಂಗಸು ಅಂತ. ದಾರೀಲಿ ಅವಳ ಗಾಡಿ ಎದುರಾದ್ರೆ ಕೈ ಎತ್ತೋದು ಬಿಟ್ರು. ಇಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ತಿಳ್ಕೊಳ್ಳಿ.

"ಹುಡುಗನ ಅಕ್ಕ ಬಂದ್ಳು, ಜಪಾನಿನಿಂದ. ಕಪ್ಪು ಬಟ್ಟೆ ಹಾಕ್ಕೊಂಡು ಆ ಬಾಗಿಲಲ್ಲಿ ನಿಂತು, 'ಇಲ್ಲಿ ನನ್ನ ತಮ್ಮನಿಗೆ ಮಾತು ಕಲಿಸಿದ ಗುರುಗಳು ಯಾರು?' ಅಂತ ಕೇಳಿದ್ಳು. ಅವತ್ತು ಫೋನಿನಲ್ಲಿ ಹೇಳಿದ್ನಂತೆ, ನನಗೆ ಒಬ್ರು ಒಳ್ಳೇ ಗುರು ಸಿಕ್ಕಿದ್ರು ಅಂತ. ಕ್ಲಾರಿ ಮುಂದೆ ಅವಳು ನೆಲ ಮುಟ್ಟೋ ಹಾಗೆ ಬಗ್ಗಿದ್ಳು. ಊರಿನ ಸಿಹಿತಿಂಡಿಯ ಪೆಟ್ಟಿಗೆ ಕೊಟ್ಳು. ಆಗಲಾದ್ರೂ ಹೇಳಬೇಕಿತ್ತಲ್ವಾ ಇವನು? 'ಒಳ್ಳೇ ಹುಡುಗನಮ್ಮ,' ಅಂದ. ಅಷ್ಟೇ.

"ಹುಡುಗನ ಕತೆ ಅಲ್ಲಿಗೇ ಮುಗೀತು ಅಂದ್ಕೊಂಡ್ರಾ? ಬರ್ತಾನೆ ತಾಳಿ. ಮುಂದಿನ ಬಸ್ ಬಂತು. ಜನ ಕೂತ್ರು, ಕ್ಲಾರಿ ತಮಾಷೆ ಶುರು ಮಾಡಿದ. ಎರಡು ಮಾತಾಡಿ ನಿಂತ. ಹಿಂದಿನ ಸಾಲಲ್ಲಿ ತೆರಾಡಾ ಕೂತಿದ್ದ. ಹಾಡಹಗಲು, ಕಿಟಕಿಯಿಂದ ಬಿಸಿಲು ಅವನ ತೊಡೆ ಮೇಲೆ ಬಿದ್ದಿದೆ, ಟೋಪಿ ಕೈಲಿದೆ, ಸುಟ್ಟ ಮೂಗು. ಕೋಪ ಇಲ್ಲ ಮುಖದಲ್ಲಿ. ಗಮನ ಇಟ್ಟು ಕೇಳ್ತಾ, ಕ್ಲಾರಿ ಹೇಳಿದ್ದನ್ನ ತುಟಿಯಲ್ಲಿ ಮತ್ತೆ ಅಂದ್ಕೊಳ್ತಾ ಇದ್ದ. ಅದೇ ಘೋರ, ಅಲ್ವಾ? ಇನ್ನೂ ಕಲೀತಿದ್ದ.

"ನನಗೆ ಹೇಳಿದಾಗ ನಾನು ನಂಬಲಿಲ್ಲ, ಕುಡಿತ ಜಾಸ್ತಿಯಾಯ್ತು ಅಂತ ಬೈದೆ. ಒಂದು ದಿನ ನಾನು ಅಡುಗೆಮನೆಯಲ್ಲಿದ್ದೆ, ಬಾರಿನಲ್ಲಿ ಕ್ಲಾರಿ ಒಬ್ನೇ. ನಾಯಿಗೋ ಯಾರಿಗೋ ಏನೋ ಸುಳ್ಳುತಮಾಷೆ ಹೇಳ್ತಿದ್ದ. ಅವನು ನಿಲ್ಲಿಸಿದ ಕೂಡಲೇ ಇನ್ನೊಂದು ದನಿ, ಮೆತ್ತಗೆ, ಆ ಹುಡುಗನ ರಾಗದಲ್ಲಿ, ಅದೇ ಮಾತನ್ನ ಮತ್ತೆ ಅಂತು. ಓಡಿ ಬಂದು ನೋಡಿದ್ರೆ ಕ್ಲಾರಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. 'ನೀನೂ ಕೇಳಿದೆಯೇನೇ ಅಕ್ಕ?' ಅಂದ. ಅವನ ದನೀಲಿ ಹೆದರಿಕೆ ಇರಲಿಲ್ಲ ನೋಡಿ, ನಾಲ್ಕು ಜನರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸಿದವನ ಹಾಗಿದ್ದ.

"ಅವತ್ತೇ ಗಾಡಿ ತಗೊಂಡು ನಾರ್ಡೂಗೆ ಹೋದ. ಮೇವಿಸ್ ಕರುವಿಗೆ ಹಾಲು ಕುಡಿಸ್ತಿದ್ಳಂತೆ. ಎಲ್ಲ ಹೇಳಿದ. ಅವಳು ಕರುವಿಗೆ ಪೂರ್ತಿ ಹಾಲು ಕುಡಿಸಿ ಮುಗಿಸಿದ್ಳು. ಆಮೇಲೆ, 'ಅವತ್ತು ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿದ್ದೆ ಕ್ಲಾರಿ. ಅದಕ್ಕೇ ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ದಿನಾ ಅಂದ್ಕೊಳ್ತಿದ್ದೆ,' ಅಂದ್ಳು. 'ನನಗೆ ಹೇಳಿದ್ದು ಸಾಲದು. ನನ್ನ ಕಡೆ ನೋಡೋದು ಬಿಟ್ಟವರ ಮುಂದೆ ಹೇಳು.'

"ಹೇಳಿದ. ಕುದುರೆ ಜೂಜಿನ ದಿನ, ಇಡೀ ಸೀಮೆ ಸೇರಿದ್ದಾಗ, ಮೈಕು ಹಿಡಿದು. ಏನಾಯ್ತು ಗೊತ್ತಾ? ಜನ ನಕ್ರು. ಕ್ಲಾರಿ ಮೈಕು ಹಿಡಿದ ಅಂದ್ರೆ ತಮಾಷೆ ಅಂತಲೇ ಲೆಕ್ಕ ಅಲ್ವಾ? ಸತ್ತ ಹುಡುಗನ ಹೆಸರು ಹೇಳ್ತಿದ್ದಾನೆ, ಇವರು ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ. ಅವನು ಅಳ್ತಾ ಇನ್ನೊಂದ್ಸಲ ಮೊದಲಿಂದ ಹೇಳಬೇಕಾಯ್ತು. ನಗು ಒಂದೊಂದಾಗಿ ನಿಂತಿತು. ಮೇವಿಸ್ ಒಬ್ಳೇ ತಲೆ ಎತ್ಕೊಂಡು ನಿಂತಿದ್ಳು.

"ಆಮೇಲೆ ಕಲ್ಲುಹಳ್ಳಕ್ಕೆ ಹೋದ, ಹುಡುಗನ ಪಾಠ ತಿದ್ದೋಕೆ. ಟ್ಯಾಂಕಿನ ನೆರಳಲ್ಲಿ ತೆರಾಡಾ ಕೂತಿದ್ದ. 'ತಪ್ಪು ಹೇಳಿಕೊಟ್ಟೆ ಕಣಪ್ಪ. ಕೊನೇ ಮಾತೇ ನಿಜ,' ಅಂದ ಕ್ಲಾರಿ. 'ಕೊನೇ ಮಾತೇ ನಿಜ,' ಅಂದ ಹುಡುಗ. ಒಂದು ಗಳಿಗೆ ಯೋಚನೆ ಮಾಡಿದ. ಆ ಹೆಂಗಸು ನೀರಿಲ್ಲ ಅಂತಲೇ ಹೇಳಿದ್ಳು ಅನ್ನೋದು ಆವಾಗ ಅವನಿಗೆ ಹೊಳೀತು, ಮುಖ ಸಣ್ಣದಾಯ್ತು ಅಂತ ಕ್ಲಾರಿ ಹೇಳ್ದ. ಬೈಲಿಲ್ಲ, ಕೈ ಎತ್ತಲಿಲ್ಲ. ಒಂದೇ ಮಾತು ಕೇಳಿದ.

"'ಗುರುಗಳೇ, ಇನ್ನೂ ಏನೇನು ಸುಳ್ಳು ಕಲಿಸಿದ್ದೀರಿ?'

"ಕ್ಲಾರಿ ಪಕ್ಕದಲ್ಲಿ ಕೂತು ಒಂದೊಂದೇ ಹೇಳೋಕೆ ಶುರು ಮಾಡಿದ. ಒಂದು ದಿನಕ್ಕೆ ಮುಗಿಯೋದಾ ಅದು? ಈ ಹುಡುಗನಿಗೆ ಹೇಳಿದ್ದು, ಆ ಬಸ್ಸಿನವರಿಗೆ ಹೇಳಿದ್ದು, ಹೆಸರೇ ಗೊತ್ತಿಲ್ಲದವರಿಗೆ ಹೇಳಿದ್ದು. ವಾರವಾರ ಹೋಗೋನು. ಹೋಗೋವಾಗ ನೀರಿನ ಕ್ಯಾನು ತಗೊಂಡು ಹೋಗ್ತಿದ್ದ, ಹಾಗೇ ತುಂಬಿದ್ದನ್ನ ವಾಪಸ್ ತರೋನು, ತುಟಿ ಮಾತ್ರ ಒಡೆದಿರ್ತಿತ್ತು. 'ಅವನು ಕುಡಿಯಲ್ಲ ಅಕ್ಕ, ಅವನೆದುರು ನಾನು ಹೇಗೆ ಕುಡೀಲಿ?' ಅನ್ನೋನು. ನಾನು ಅತ್ತೆ, ಬೈದೆ, ಬೀಗದಕೈ ಬಚ್ಚಿಟ್ಟೆ. ಆ ವಾರ ನಡ್ಕೊಂಡೇ ಹೋದ... ವಾಪಸ್ ಬರಲಿಲ್ಲ. ಟ್ಯಾಂಕಿಗೆ ಒರಗಿ ಕೂತ ಹಾಗೇ ಸಿಕ್ಕಿದ, ಬಾಯಿ ಅರ್ಧ ತೆರೆದಿತ್ತು. ಮಾತು ಮುಗಿದಿರಲಿಲ್ಲ."

ಹೊರಗೆ ಮಳೆ ತೆಳುವಾಗಿತ್ತು. ಯಾರೂ ಎದ್ದು ನೋಡಲಿಲ್ಲ. ಓಡೀಲ್ ಗಂಡನ ತೋಳು ಹಿಡಿದುಕೊಂಡಿದ್ದಳು. ಎನಿಡಜ್ಜಿ ಚಾಕು ತೆಗೆದುಕೊಂಡು ಉಳಿದ ಆಲೂಗಡ್ಡೆಗೆ ಕೈ ಹಾಕಿದಳು, ದನಿ ತಗ್ಗಿಸಿ ಹೇಳಿದಳು.

"ದಾರಿ ತೆರೆದ ಮೇಲೆ ನೀವು ಕಲ್ಲುಹಳ್ಳದ ಕಡೆಯಿಂದಲೇ ಹೋಗ್ಬೇಕು, ಬೇರೆ ದಾರಿ ಇಲ್ಲ. ಟ್ಯಾಂಕಿನ ನೆರಳಲ್ಲಿ ಇಬ್ರು ಕೂತಿರ್ತಾರೆ, ಹಿರಿಯವನು ಹೇಳ್ತಾನೆ, ಕಿರಿಯವನು ತುಟಿ ಆಡಿಸ್ತಾನೆ. ಗಾಡಿ ನಿಲ್ಲಿಸಬೇಡಿ. ನಿಮ್ಮ ಪಾಡಿಗೆ ಹೋಗಿ, ಏನೂ ಮಾಡಲ್ಲ. ಎಷ್ಟೋ ಜನ ನೋಡಿದ್ದಾರೆ, ಈ ಸೀಮೇಲಿ ಅದು ಹೊಸದಲ್ಲ. ಆದ್ರೆ ಮಳೆಗೆ ಮುಂಚೆ ಆ ಕಡೆಯಿಂದ ಬಂದ ಅಂಚೆ ಗಾಡಿಯವನು ಮೂರು ಜನ ಕೂತಿದ್ರು ಅಂದ. ಮೂರನೆಯವನ ಮುಖ ಕಾಣಿಸಲಿಲ್ವಂತೆ, ತಲೆ ತಗ್ಗಿಸ್ಕೊಂಡಿದ್ನಂತೆ. ಯಾರಿರಬಹುದು ಅಂತ ನಾನೂ ಯೋಚನೆ ಮಾಡ್ತಾ ಇದ್ದೀನಿ ನೆವಿಲ್... ಇಲ್ಲಿ ಸುತ್ತಮುತ್ತ ಯಾರೂ ಕಾಣೆಯಾಗಿಲ್ಲ. ಇವತ್ತಿನ ತನಕ."