ಗುಬ್ಬಿಯ ನೀರಿನ ಬಾಟ್ಲಿ

…ಅಲ್ಲ, ಡಾಕ್ಟ್ರು ಕೇಳಿದ್ದಕ್ಕೆ ನಾನು ಸರಿಯಾಗೇ ಹೇಳಿದ್ನಲ್ಲ? ಬೆಳಿಗ್ಗೆ ಎರಡು ಬ್ರೆಡ್ಡು, ಆಮೇಲೆ ಬಾಳೆಹಣ್ಣು. ಇನ್ನೇನು ತಿಂದಿದ್ದಾಳೆ ನಮ್ಮ ಗುಬ್ಬಿ? ಡ್ರಿಪ್ ಹಾಕಿದ್ದಾರೆ, ವಾಂತಿ ನಿಲ್ಲುತ್ತೆ. ಸಂಜೆಗೆ ಎದ್ದು ಕೂತು, ಅಪ್ಪಾ ಆನೆ ತೋರಿಸು ಅಂತ ಮತ್ತೆ ಪ್ರಾಣ ತಿಂತಾಳೆ, ನೋಡ್ತಿರು.

ಹಂಗೆ ನೋಡ್ಬೇಡ ಕಣೇ. ಅವಳ ಬಾಟ್ಲಿ ಇತ್ತ ಕೊಡು. ಅರ್ಧ ನೀರು ಹಾಗೇ ಇದೆ, ಅದನ್ಯಾಕೆ ಮಡಿಲಲ್ಲಿಟ್ಕೊಂಡು ಕೂತಿದೀಯ? ಚೆಲ್ಲಿ ತೊಳ್ಕೊಂಡು ಬರ್ತೀನಿ… ಬೇಡ್ವಾ? ಸರಿ, ಬಿಡು.

ಎಷ್ಟು ಚೆನ್ನಾಗಿ ಹೊರಟಿದ್ವಿ, ಅಲ್ವಾ? ನಿನ್ನ ತಮ್ಮ ಏನಂದಿದ್ದ? "ಭಾವ, ಮನೆಯಂಥ ಇಷ್ಟುದ್ದದ ಕ್ಯಾರವಾನು ಓಡ್ಸೋದು ನಿಮ್ಮ ಕೈಲಾಗಲ್ಲ." ಆಗಲಿಲ್ವಾ? ಎರಡು ಜಲಪಾತ ತೋರಿಸಿದೆ, ಜಿಂಕೆ ತೋರಿಸಿದೆ. ಇವತ್ತಿಂದು ಮೂರನೇ ಜಲಪಾತ. ಅಲ್ಲೂ ನಿಮ್ಮನ್ನೆಲ್ಲ ಮೆಟ್ಟಿಲ ಹತ್ರ ಇಳಿಸಿ, ಗಾಡೀನ ಮೇಲ್ಗಡೆ ರಸ್ತೇಲಿ ನಿಲ್ಲಿಸಿ ಬಂದೆ…

ಹೊತ್ತಾಯ್ತು, ಹೌದು. ಆನೆ ಅಡ್ಡ ಬಂತಲ್ಲ, ಅದಕ್ಕೆ. ದೊಡ್ಡ ಆನೆ. ರಸ್ತೆ ಮಧ್ಯ ನಿಂತ್ಬಿಡ್ತು.

ಯಾಕೆ ನಗ್ತೀಯ?

ಆನೆ ಬಂದಿದ್ರೆ ಗುಬ್ಬಿಗೆ ಹೇಳ್ದೆ ಇರ್ತಿದ್ನಾ ಅಂತಾನಾ… ಮರೆತೆ. ಮರೆಯೋದಿಲ್ವಾ ಮನುಷ್ಯ? ಈ ನೀಲಿ ಕಲೆ? ಅಂಗಿ ತೋಳಿಂದಾ? ಪೆನ್ನು ಸೋರಿರ್ಬೇಕು. ಜೇಬು ಯಾಕೆ ನೋಡ್ತೀಯ, ಪೆನ್ನು ಎಲ್ಲೋ ಬಿತ್ತು.

ಟ್ಯಾಂಕಾ? ಯಾವ ಟ್ಯಾಂಕು… ಓ, ಗಾಡಿ ಟಾಯ್ಲೆಟ್ಟಿಂದು. ಬೆಳಿಗ್ಗೆನೇ, ರಾತ್ರಿ ತಂಗಿದ್ದ ಕ್ಯಾಂಪಲ್ಲಿ ಖಾಲಿ ಮಾಡಿದೆನಲ್ಲ. ಅದಕ್ಕೇ ಅಂತ ಗುಂಡಿ ಇದೆ, ಅಲ್ಲೇ ಸುರಿದೆ. ಹುಬ್ಬು ಯಾಕೆ ಏರಿಸ್ತೀಯ? ಹೌದು, ಗುಂಡಿ ಮುಂದೆ ಮಾರುದ್ದ ಸಾಲಿದೆ ಅಂತ ನಾನೇ ಬಂದು ಗೊಣಗಿದ್ದೆ. ಆಮೇಲೆ ಸಾಲು ಕರಗ್ತು. ಟ್ಯಾಂಕು ತುಂಬಿದ್ರೆ ಹತ್ತೋ ಕೆಂಪು ದೀಪ ನೋಡಿ ನಿನ್ನ ತಮ್ಮ "ಭಾವ, ತುಂಬಿ ತುಳುಕುತ್ತೆ" ಅಂತ ಆಡ್ಕೊಂಡಾಗ, ಎಲ್ಲಾ ಆಗಿದೆ ಸುಮ್ನಿರಪ್ಪ ಅಂದೆ. ಆಗಿತ್ತು ಕಣೇ. ಆಗಿರದೆ ಏನು?

ಬೈಯಿ ಬೇಕಾದ್ರೆ. ಒಂದೊಂದೇ ಮಾತು ಕೇಳಿ ಹೀಗೆ ನೋಡ್ತಾ ಕೂತ್ರೆ ನನಗೆ… ಒಳಗೆ ಮಗು ನರಳ್ತಿದೆ, ಇಲ್ಲಿ ನೀನು ಹೀಗೆ.

ಮುಚ್ಚಳ ಯಾಕೆ ತೆಗೀತೀಯ? ಬಾಯಾರಿದ್ಯಾ? ಇರು, ಕ್ಯಾಂಟೀನಿಂದ ಬೇರೆ ತರ್ತೀನಿ. ಅದು ಹಳೇ ನೀರು. ನನ್ನ ಮುಖ ಯಾಕೆ ನೋಡ್ತೀಯ, ಬಾಟ್ಲಿ ಕೆಳಗಿಡು. ಏಯ್, ಬೇಡ. ಬೇಡ ಕಣೇ… ಕುಡೀಬೇಡ!

…

ಟ್ಯಾಂಕಿಂದು ಮೇಲಿನ ಹಳ್ಳಕ್ಕೆ ಬಿಟ್ಟೆ. ಗಾಡಿ ನಿಲ್ಲಿಸಿದ ಜಾಗದ ಹಿಂದೇನೇ ಇತ್ತು. ಯಾರೂ ಇರಲಿಲ್ಲ. ವಾಸನೆ ಬಾರದ ಹಾಗೆ ಟ್ಯಾಂಕಿಗೆ ಆ ನೀಲಿ ಔಷಧಿ ಹಾಕಿರ್ತಾರಲ್ಲ, ಅದೂ ಸೇರಿ ಎಲ್ಲಾ ಹೋಯ್ತು. ಹಳ್ಳ ಎಲ್ಲಿಗೆ ಹರಿಯುತ್ತೆ ಅಂತ ನಾನು ನೋಡಲಿಲ್ಲ. ಮೆಟ್ಟಿಲಿಳಿದು ಬಂದು, ಜಲಪಾತ ಎಲ್ಲಿಂದ ಬೀಳ್ತಿದೆ ಅಂತ ತಲೆ ಎತ್ತಿದ್ರೆ, ಮೇಲೆ ನಮ್ಮ ಗಾಡಿ ಬೆನ್ನು ಕಾಣಿಸ್ತು.

ಅದು ಒಂದು ತಪ್ಪು. ಅದೊಂದೇ ಅಲ್ಲ ನಾನು ಮುಚ್ಚಿಟ್ಟಿದ್ದು.

ನಾನು ತಲೆ ಎತ್ತಿದಾಗ ಗುಬ್ಬಿ ಇನ್ನೂ ಬಾಟ್ಲಿ ತುಂಬಿಸ್ತಿದ್ಲು. ಕುಡಿದಿರಲಿಲ್ಲ. "ಅಪ್ಪಾ, ಎಷ್ಟು ತಣ್ಣಗಿದೆ" ಅಂತ ನನಗೇ ತೋರಿಸಿ ಬಾಯಿಗೆತ್ತಿದ್ಲು. ಕೂಗೋಣ ಅಂತ ಬಾಯಿ ತೆರೆದೆ. ಪಕ್ಕದಲ್ಲಿ ನಿನ್ನ ತಮ್ಮ ನಿಂತಿದ್ದ. ಇವನ ಮುಂದೆ ಹೇಗೆ ಹೇಳೋದು… ಒಂದು ಗುಟುಕಿಗೆ ಏನಾಗುತ್ತೆ, ಇಷ್ಟು ನೀರಲ್ಲಿ ಎಲ್ಲಾ ಕೊಚ್ಕೊಂಡು ಹೋಗಿರುತ್ತೆ… ಅಷ್ಟರಲ್ಲಿ ಕುಡಿದಾಗಿತ್ತು. ಈಗ ನಿನಗೆ ಕೂಗಿದೆನಲ್ಲ, ಅವಳಿಗೆ ಕೂಗಲಿಲ್ಲ.

ಡಾಕ್ಟ್ರಿಗೆ ಗೊತ್ತಿಲ್ಲ. ಬರೀ ಹೊಟ್ಟೆ ಕೆಟ್ಟಿದೆ ಅಂದ್ಕೊಂಡು ಔಷಧಿ ಕೊಡ್ತಿದ್ದಾರೆ.

ಆ ಬಾಟ್ಲಿ ಕೊಡು. ಇಲ್ಲ, ಚೆಲ್ಲಲ್ಲ, ನಿನ್ನಾಣೆ ಚೆಲ್ಲಲ್ಲ. ಡಾಕ್ಟ್ರಿಗೆ ತೋರಿಸ್ತೀನಿ… ಕೊಡಲ್ವಾ ನನ್ನ ಕೈಗೆ?

ಸರಿ. ನೀನೇ ಹಿಡ್ಕೊ. ಬಾಗಿಲು ನಾನು ತಟ್ತೀನಿ.