ಎರಡೂ ಕಿವಿ ಕಾಣಿಸಬೇಕು

ಬೀದಿಯವರೆಲ್ಲ ಫೋಟೋ ಚಿಕ್ಕಮ್ಮ ಎಂದು ಕರೆಯುವ ನಾನು, ವಯಸ್ಸು 51 ವರ್ಷ, ಉದ್ಯೋಗ ಗುರುತಿನ ಚೀಟಿಗಳಿಗೆ ಫೋಟೋ ತೆಗೆಯುವುದು, ಅಂಗಡಿ ಪ್ರಯಾಣ ದಾಖಲೆ ಕಚೇರಿಯ ಎದುರು ಸಾಲಿನಲ್ಲಿ ಮೂರನೆಯದು, ವಾಸ ಅದೇ ಅಂಗಡಿಯ ಮೇಲಿನ ಮಹಡಿ. ಇಂದು ಗುರುವಾರ ಸಂಜೆ 5.30ಕ್ಕೆ ಠಾಣೆಗೆ ಬಂದು ನನ್ನ ಬಾಯಿಂದಲೇ ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಇಪ್ಪತ್ತೇಳು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಎದುರಿನ ಕಚೇರಿಯ ಕೆಳಮಹಡಿಯಲ್ಲಿ ಪಾಸ್‌ಪೋರ್ಟ್ ಕೊಡುತ್ತಾರೆ. ಮೇಲ್ಮಹಡಿಯಲ್ಲಿ ವಿಶ್ವಾಸಾರ್ಹ ಪ್ರಯಾಣಿಕರ ಕಾರ್ಡ್ ಕೊಡುತ್ತಾರೆ. ಗಡಿಯನ್ನು ಮತ್ತೆ ಮತ್ತೆ ದಾಟುವವರು ಸಂದರ್ಶನ ಕೊಟ್ಟು, ಬೆರಳಚ್ಚು ಒತ್ತಿ ಸದಸ್ಯರಾದರೆ, ಗಡಿಯಲ್ಲಿ ಸಾಲು ನಿಲ್ಲದೆ ಬೇರೆ ಬಾಗಿಲಿನಿಂದ ಹೋಗಬಹುದು. ಜನ ಇದನ್ನು ಬೇಗದ ಸಾಲಿನ ಕಾರ್ಡ್ ಎನ್ನುತ್ತಾರೆ.

ನನ್ನ ಅಕ್ಕನಿಗೆ 58 ವರ್ಷ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಐವತ್ತೈದು ದಾಟಿದ ಹೆಂಗಸರ ಟೇಬಲ್ ಟೆನಿಸ್ ತಂಡದಲ್ಲಿ ಆಡುತ್ತಾಳೆ. ನಾಳೆ ಶುಕ್ರವಾರ ಬೆಳಿಗ್ಗೆ 8.15ರ ಬಸ್ಸಿಗೆ ತಂಡದ ನಾಲ್ವರೂ ಗಡಿಯಾಚೆಯ ಪಂದ್ಯಾವಳಿಗೆ ಹೊರಡಬೇಕು. ಅಕ್ಕ ದೇಶ ಬಿಟ್ಟು ಹೋಗುವುದು ಇದೇ ಮೊದಲು. ಈ ವರ್ಷ ಇನ್ನೂ ಎರಡು ಸಲ ಹೋಗುವುದಿದೆ. ಆಡುವಾಗ ನೋಯದ ಅವಳ ಮಂಡಿ ಸಾಲಿನಲ್ಲಿ ನಿಂತರೆ ನೋಯುತ್ತದೆ. ಆದ್ದರಿಂದ ಆ ಕಾರ್ಡಿನ ಮೇಲೆ ಅವಳಿಗೆ ಆಸೆಯಿತ್ತು.

ಕಳೆದ ವಾರ ಬುಧವಾರ ಸಂಜೆ 5 ಗಂಟೆಗೆ ಅವರ ಕ್ಲಬ್ಬಿಗೆ ಒಬ್ಬ ಬಂದು, ತಾನು ಕಚೇರಿಯ ಏಜೆಂಟನೆಂದೂ, ಪಾಸ್‌ಪೋರ್ಟ್ ಕೊಟ್ಟರೆ ಸೋಮವಾರದೊಳಗೆ ಕಾರ್ಡ್ ಮಾಡಿಸಿ ಎರಡನ್ನೂ ಒಟ್ಟಿಗೆ ತಂದುಕೊಡುವುದಾಗಿಯೂ ಹೇಳಿದನಂತೆ. ಗಡ್ಡವಿತ್ತು, ಕಿವಿ ಮುಚ್ಚುವಷ್ಟು ಕೂದಲಿತ್ತು. ಉಳಿದ ಮೂವರ ಪಾಸ್‌ಪೋರ್ಟ್ ಮನೆಯಲ್ಲಿದ್ದವು. ಅಕ್ಕನದು ಮಾತ್ರ ಕೈಚೀಲದಲ್ಲಿತ್ತು. ಪಾಸ್‌ಪೋರ್ಟ್ ಕೈಗೆ ಬಂದ ದಿನದಿಂದ ಅವಳು ಅದನ್ನು ಎಲ್ಲರಿಗೂ ತೋರಿಸುತ್ತಿದ್ದಳು. ಕೊಟ್ಟಳು.

ಸೋಮವಾರ ಅವನ ಫೋನು ಬಂದ್ ಆಗಿತ್ತು. ಮಂಗಳವಾರ ಬೆಳಿಗ್ಗೆ 10.20ಕ್ಕೆ ಅಕ್ಕ ಎದುರಿನ ಕಚೇರಿಯ ಮೇಲ್ಮಹಡಿಗೆ ಹೋಗಿ ವಿಚಾರಿಸಿದಳು. ತಮಗೆ ಯಾವ ಏಜೆಂಟರೂ ಇಲ್ಲ, ಸಂದರ್ಶನಕ್ಕೂ ಬೆರಳಚ್ಚಿಗೂ ಅರ್ಜಿದಾರರೇ ಬರಬೇಕು, ಮೂಲ ಪಾಸ್‌ಪೋರ್ಟನ್ನು ಇನ್ನೊಬ್ಬರ ಕೈಗೆ ಕೊಡಲೇಬಾರದು, ಹೊಸದಕ್ಕೆ ಕಡಿಮೆಯೆಂದರೂ ಹನ್ನೊಂದು ದಿನ ಬೇಕು ಎಂದು ಅಲ್ಲಿನ ಅಧಿಕಾರಿ ತಿಳಿಸಿದರು. ಅಕ್ಕ ಮೆಟ್ಟಿಲಿಳಿದು ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ನಲವತ್ತು ನಿಮಿಷ ಕೂತಿದ್ದಳು. ಆ ಹೊತ್ತಿನಲ್ಲಿ ಬಂದ ಮೂವರು ಗಿರಾಕಿಗಳನ್ನು ನಿಲ್ಲಿಸಿಯೇ ಫೋಟೋ ತೆಗೆದೆ.

ನಾನು ಆಗ "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದೆ. ಹೇಳಬಾರದಿತ್ತು. ಅಕ್ಕ ಅವತ್ತು ಊಟ ಮಾಡಲಿಲ್ಲ. ದೂರು ಕೊಡೋಣ ಎಂದಾಗ ಅವಳು, "ಊರಿನವರ ಕಾಗದಾನೆಲ್ಲ ಸರಿಯಾದ ಮನೆಗೆ ಸೇರಿಸ್ದೋಳು ನಾನು. ನಂದನ್ನೇ ಕಳ್ಳನ ಕೈಗೆ ಕೊಟ್ಟೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದಳು. ಹೀಗಾಗಿ ದೂರು ತಡವಾಯಿತು.

ಅವನ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಕ್ಲಬ್ಬಿನಲ್ಲಿ ತಂಡದ ಫೋಟೋ ತೆಗೆದಾಗ ಅವನು ಅಂಚಿನಲ್ಲಿ ಸಿಕ್ಕಿದ್ದ, ಆದರೆ ಮುಖ ಆಚೆ ತಿರುಗಿಸಿದ್ದ. ಎಡಕಿವಿಗೆ ಪೆನ್ನು ಸಿಕ್ಕಿಸಿಕೊಂಡಿದ್ದರಿಂದ ಕೂದಲು ಹಿಂದೆ ಸರಿದು ಕಿವಿಯಷ್ಟೇ ಕಾಣುತ್ತಿತ್ತು. "ಮುಖಾನೇ ಇಲ್ಲ, ಬರೀ ಕಿವಿ ತಗೊಂಡು ಏನ್ ಮಾಡ್ತೀಯೇ?" ಎಂದು ಅಕ್ಕ ಕೇಳಿದಳು. ನಾನು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಇತ್ತು, ಹಾಲೆ ಇಳಿಬೀಳದೆ ಕೆನ್ನೆಗೆ ಅಂಟಿಕೊಂಡಿತ್ತು. ಗಡ್ಡ ಬೋಳಿಸಿದರೆ ಮುಖ ಬದಲಾಗುತ್ತದೆ, ಕಿವಿ ಬದಲಾಗುವುದಿಲ್ಲ. ಇದು ನನ್ನ ಕಸುಬಿನಿಂದ ಕಲಿತದ್ದು.

ಇಂದು ಮಧ್ಯಾಹ್ನ 3.38ಕ್ಕೆ ಒಬ್ಬ ಗಿರಾಕಿ ಬಂದ. ಗಡ್ಡ ಮೀಸೆ ಇರಲಿಲ್ಲ, ಕೂದಲು ಕಿವಿ ಮುಚ್ಚಿತ್ತು, ಹೆಗಲಲ್ಲಿ ಕಂದು ಬಣ್ಣದ ಚೀಲವಿತ್ತು. ಬೇಗದ ಸಾಲಿನ ಕಾರ್ಡಿಗೆಂದು ಎಂಟು ಫೋಟೋ ಕೇಳಿದ. ನಿಯಮದಂತೆ ಎರಡೂ ಕಿವಿ ಕಾಣಿಸಬೇಕು, ಕೂದಲು ಹಿಂದಕ್ಕೆ ಸರಿಸಿ ಎಂದೆ. ಕಿವಿ ಯಾಕೆ ಎಂದ. ಯಂತ್ರ ಒಪ್ಪುವುದಿಲ್ಲ ಎಂದೆ. ಮೊದಲು ಬಲಗಡೆ ಸರಿಸಿದ. ಆಮೇಲೆ ಎಡಗಡೆ ಸರಿಸಿದ. ಮೇಲಂಚಿನಲ್ಲಿ ಅದೇ ಕಚ್ಚು, ಕೆನ್ನೆಗೆ ಅಂಟಿದ ಅದೇ ಹಾಲೆ. ಆಗ ಸಮಯ 3.41. ಗಡಿಯಾರ ಅವನ ತಲೆಯ ಮೇಲೆಯೇ ಇದ್ದುದರಿಂದ ನಿಖರವಾಗಿ ಹೇಳುತ್ತಿದ್ದೇನೆ.

ಮೊದಲ ಫೋಟೋ ಮಸುಕಾಯಿತು. ಇಪ್ಪತ್ತೇಳು ವರ್ಷದಲ್ಲಿ ಹಾಗಾದದ್ದಿಲ್ಲ. (ನಿಧಾನವಾಗಿ ಹೇಳಿ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಈಗ ಎರಡನೇ ಸಲ ಹೇಳಿದ್ದಾರೆ.)

ಪಕ್ಕದ ಅಂಗಡಿಯ ದರ್ಜಿ, 66 ವರ್ಷದವರು, ಗುಂಡಿಯಣ್ಣ ಎಂದು ಹೆಸರಾದವರು. ನಡುವಿನ ಹಲಗೆ ಗೋಡೆ ತಟ್ಟಿ, ಸಾರ್‌ಗೆ ಒಂದು ಕಪ್ಪು ಕೋಟು ಬೇಕು ಎಂದು ಕೂಗಿದೆ. ಅವರು ಕೋಟು ತಂದಾಗ, ರಸೀದಿಯ ಹಿಂದೆ "ಪೊಲೀಸ್ ಕರೆಯಿರಿ, ಅಕ್ಕನ ಪಾಸ್‌ಪೋರ್ಟ್ ಕಳ್ಳ" ಎಂದು ಬರೆದು ಕೈಗೆ ಕೊಟ್ಟೆ. ಅವರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದರು, ಕೈ ಚಾಚಿ ದೂರ ಹಿಡಿದರು. ನಂತರ, "ಏನಮ್ಮಾ ಇದು, ಅಳತೆಯಾ?" ಎಂದು ಗಟ್ಟಿಯಾಗಿ ಕೇಳಿದರು.

"ಹೂಂ ಗುಂಡಿಯಣ್ಣ, ಅಳತೆ. ಅಂಗಡೀಲಿ ಕನ್ನಡಕ ಹಾಕ್ಕೊಂಡು ಓದಿ. ಅರ್ಜೆಂಟು."

ಅವರು ಹೋದರು. 3.46ಕ್ಕೆ ಅವರ ಅಂಗಡಿಯಲ್ಲಿ ಕತ್ತರಿ ನೆಲಕ್ಕೆ ಬಿದ್ದ ಸದ್ದು ಕೇಳಿತು. ಓದಿದರೆಂದು ತಿಳಿಯಿತು.

ಅಲ್ಲಿಂದ ಈ ಠಾಣೆ ಆರುನೂರು ಮೀಟರು. ಪೊಲೀಸರು ಬರುವವರೆಗೆ ಅವನನ್ನು ಕೂರಿಸಿಕೊಳ್ಳಬೇಕಿತ್ತು. ಒಟ್ಟು ಇಪ್ಪತ್ತಮೂರು ಫೋಟೋ ತೆಗೆದೆ. ಗದ್ದ ಮೇಲೆ ಎಂದೆ, ಕೆಳಗೆ ಎಂದೆ, ಕಣ್ಣು ಮಿಟುಕಿಸಿದಿರಿ ಎಂದೆ, ಹಲ್ಲು ಕಾಣಿಸಿತು ಎಂದೆ. "ಇದೇನ್ ಮದುವೆ ಫೋಟೋನಾ? ಎಷ್ಟು ತೆಗೀತೀರಿ?" ಎಂದು ಸಿಡುಕಿದ. "ಆ ಯಂತ್ರ ನಕ್ರೂ ಒಪ್ಪಲ್ಲ, ಅತ್ರೂ ಒಪ್ಪಲ್ಲ ಸಾರ್. ಮತ್ತೆ ಬಂದು ಕೂರೋದು ನಿಮಗೇ ತೊಂದ್ರೆ" ಎಂದೆ. ಕೂತ.

3.52ಕ್ಕೆ ಬಾಗಿಲು ತೆರೆಯಿತು. ಬಂದದ್ದು ಪೊಲೀಸರಲ್ಲ, ಅಕ್ಕ. ಗುಂಡಿಯಣ್ಣನವರ ಬಳಿ ಠಾಣೆಯ ನಂಬರು ಇರಲಿಲ್ಲ, ಅಕ್ಕನ ನಂಬರಿತ್ತು. ಅವಳಿಗೆ ಫೋನು ಮಾಡಿ ಹೇಳಿ, ತಾವು ಠಾಣೆಗೆ ಓಡಿದ್ದರು. ಪಂದ್ಯಾವಳಿಗೆ ಹೋಗಲು ಆಗದಿದ್ದರೂ ಅಭ್ಯಾಸಕ್ಕಾದರೂ ತಂಡದವರ ಜೊತೆ ಇರುತ್ತೇನೆಂದು ಅಕ್ಕ ನೂರಹತ್ತು ಮೀಟರು ದೂರದ ಕ್ಲಬ್ಬಿನಲ್ಲಿದ್ದಳು. ಅಭ್ಯಾಸದ ಬಟ್ಟೆಯಲ್ಲೇ, ಬ್ಯಾಟು ಕೈಯಲ್ಲಿ ಹಿಡಿದೇ ಬಂದಿದ್ದಳು.

ಅವನು ಅವಳನ್ನು ನೋಡಿದ ಕೂಡಲೇ ಚೀಲ ಎತ್ತಿಕೊಂಡು ಬಾಗಿಲಿಗೆ ನುಗ್ಗಿದ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಅವನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಸರಿದಳು. ಆರು ಸಲ ಹಾಗಾಯಿತು. ಬಾಗಿಲಿನ ಅಗಲ ಮೂರು ಅಡಿ. "ನನ್ ಪುಸ್ತಕ ಕೊಟ್ಟು ಹೋಗೋ" ಎಂದಷ್ಟೇ ಹೇಳುತ್ತಿದ್ದಳು. ಬ್ಯಾಟು ಅವನಿಗೆ ತಾಗಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಅವನ ಮೊಣಕೈಯ ಗೀರು ನನ್ನ ದೀಪದ ಕಂಬ ತಗುಲಿ ಆದದ್ದು. ಆ ಕಂಬವನ್ನು ಅವನ ದಾರಿಗೆ ತಳ್ಳಿದವಳು ನಾನು.

3.57ಕ್ಕೆ ಇನ್ಸ್‌ಪೆಕ್ಟರ್ ಸಾಹೇಬರೂ ಇಬ್ಬರು ಪೇದೆಗಳೂ ಬಂದರು. ಅವರ ಜೀಪಿನಿಂದ ಗುಂಡಿಯಣ್ಣನವರೂ ಇಳಿದರು. ಪೇದೆಗಳು ಅವನನ್ನು ಹಿಡಿದುಕೊಂಡರು, ನಮ್ಮೆದುರೇ ಚೀಲ ತೆರೆಯಲಾಯಿತು. ಒಂಬತ್ತು ಪಾಸ್‌ಪೋರ್ಟುಗಳೂ ಬೇರೆಯವರ ಮೂರು ಬೇಗದ ಸಾಲಿನ ಕಾರ್ಡುಗಳೂ ಇದ್ದವು. ಮೊದಲ ಎರಡು ಪಾಸ್‌ಪೋರ್ಟುಗಳಲ್ಲಿ ಫೋಟೋ ಕಿತ್ತು ಹಾಕಲಾಗಿತ್ತು. ಅದನ್ನು ಕಂಡು ಅಕ್ಕ ನನ್ನ ಮುಂಗೈ ಹಿಡಿದಳು; ಗುರುತು ಇನ್ನೂ ಇದೆ. ಐದನೆಯದು ಅವಳದು. ಫೋಟೋ ಹಾಗೆಯೇ ಇತ್ತು, ಒಂದು ಹಾಳೆಯೂ ಹರಿದಿರಲಿಲ್ಲ.

ಎಲ್ಲರೂ ಠಾಣೆಗೆ ಬಂದ ಮೇಲೆ, ಇದು ಸಾಕ್ಷ್ಯ, ಠಾಣೆಯಲ್ಲೇ ಇರಬೇಕು ಎಂದು ಸಾಹೇಬರು ಹೇಳಿದರು. ನಾಳೆಯ ಬಸ್ಸಿನ ವಿಷಯ ತಿಳಿಸಿದೆವು. ಅಕ್ಕ ಏನೂ ಬೇಡಿಕೊಳ್ಳಲಿಲ್ಲ, ಬಸ್ಸಿನ ಟಿಕೆಟನ್ನು ಅವರ ಮೇಜಿನ ಮೇಲೆ ಇಟ್ಟಳು. ಸಾಹೇಬರು ಮೇಲಧಿಕಾರಿಗಳೊಂದಿಗೆ ಫೋನಿನಲ್ಲಿ ಹನ್ನೆರಡು ನಿಮಿಷ ಮಾತಾಡಿದರು. ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಂಡು, ಕರೆದಾಗ ಹಾಜರುಪಡಿಸುವ ಮುಚ್ಚಳಿಕೆ ಬರೆಸಿಕೊಂಡು ಕೊಡಬಹುದು ಎಂದಾಯಿತು. ಮೂವತ್ತಾರು ಪುಟಗಳ ಫೋಟೋ ನಾನೇ ತೆಗೆದೆ. ಮೂವತ್ತೈದು ಪುಟ ಖಾಲಿಯಿದ್ದವು.

ಕಾರ್ಡಿನ ಬಗ್ಗೆ ಕೇಳಿದ್ದಕ್ಕೆ, ಪಂದ್ಯಾವಳಿ ಮುಗಿಸಿ ಬಂದು ತಾನೇ ಸಂದರ್ಶನಕ್ಕೆ ಹೋಗುವುದಾಗಿಯೂ, ನಾಳೆ ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲುವುದಾಗಿಯೂ ಅಕ್ಕ ತಿಳಿಸಿದ್ದಾಳೆ.

ಈ ಹೇಳಿಕೆಯಲ್ಲಿ ಪಾಸ್‌ಪೋರ್ಟಿನ ಸಂಖ್ಯೆ ನಮೂದಿಸಬೇಕೆಂದು ಪೇದೆಯವರು ಅದನ್ನು ಕೊಡುವಂತೆ ಕೈ ಚಾಚಿದರು. ಅಕ್ಕ ಕೊಡಲಿಲ್ಲ. ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಓದಿದಳು. ತಾಳೆ ನೋಡಲು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಓದಿದಳು, ಮೊದಲಿಗಿಂತ ಗಟ್ಟಿಯಾಗಿ. ಅಂಚಿನಲ್ಲಿ ಬರೆದಿರುವ ಸಂಖ್ಯೆ ಅವಳ ಬಾಯಿಂದ ಬಂದದ್ದು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದೇನೆ. ಕೂಡಿಸಿದ್ದಿಲ್ಲ, ಬಿಟ್ಟದ್ದಿಲ್ಲ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಗುರುವಾರ, ಸಂಜೆ 6.50
ರುಜು: ಫೋಟೋ ಚಿಕ್ಕಮ್ಮ
ಸಾಕ್ಷಿ: ಗುಂಡಿಯಣ್ಣ (ಕನ್ನಡಕ ಹಾಕಿಕೊಂಡು ಓದಿದ್ದಾರೆ)